ಸ್ನಾನದ ಜೊತೆ ಹುಳದ ಮಾತ್ರೆ ಫ್ರೀ? ಗ್ರೂಮಿಂಗ್ ಅಂಗಡಿಯವರೂ ನಾಯಿ ಸಾಕಿದವರೂ ತಿಳಿಯಬೇಕಾದ ನಿಜ

'ನಾಯಿ-ಬೆಕ್ಕಿಗೆ ಹುಳದ ಮಾತ್ರೆ ಕೊಡೋಕೆ ಡಾಕ್ಟರ್ ಯಾಕೆ? ಮೂರು ತಿಂಗಳಿಗೊಂದು ಮಾತ್ರೆ, ಯಾವ ಅಂಗಡಿಯಲ್ಲಾದರೂ ತಗೊಳ್ಳಿ, ಏನೂ ಆಗಲ್ಲ.' ಪ್ರಾಣಿ ಸಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತು ಸಾಮಾನ್ಯ. ಇದರ ಜೊತೆಗೇ ಇನ್ನೊಂದು ಬಗೆಯ ಮೆಸೇಜ್ ಕೂಡ ಓಡಾಡುತ್ತದೆ: 'ನಾಯಿ ಕೂದಲು ಹೊಟ್ಟೆಗೆ ಹೋದರೆ ಗಡ್ಡೆಯಾಗುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ನಾಯಿ ಇಟ್ಟುಕೊಳ್ಳಬೇಡಿ.' ಮೊದಲನೆಯದು ಹುಳವನ್ನು ತೀರಾ ಹಗುರವಾಗಿ ತೆಗೆದುಕೊಳ್ಳುತ್ತದೆ. ಎರಡನೆಯದು ಇಲ್ಲದ ಭಯ ಹುಟ್ಟಿಸುತ್ತದೆ.

ನಾಯಿಗೆ ಸ್ನಾನ ಮಾಡಿಸಿ, ಕೂದಲು ಕತ್ತರಿಸಿ, ಉಗುರು ತೆಗೆಯುವ ಗ್ರೂಮಿಂಗ್ ಕೆಲಸ ಈಗ ಬೆಂಗಳೂರಿಗಷ್ಟೇ ಸೀಮಿತವಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ಊರುಗಳಲ್ಲಿ ಈ ಕೆಲಸ ಶುರು ಮಾಡುವವರಿಗೆ ಗಿರಾಕಿಗಳು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: 'ಅಣ್ಣಾ, ಹುಳದ ಮಾತ್ರೆ ಇದ್ಯಾ?' ಇದೆ ಎಂದು ಒಂದು ಮಾತ್ರೆ ಕತ್ತರಿಸಿ ಕೊಡುವುದು ಸುಲಭ. ಆದರೆ ಅದು ಸರಿಯೇ? ಕಾನೂನು ಏನು ಹೇಳುತ್ತದೆ? ವಿಜ್ಞಾನ ಏನು ಹೇಳುತ್ತದೆ? ಒಂದೊಂದಾಗಿ ನೋಡೋಣ.

ಮೊದಲು ಕಾನೂನು: ನಾಯಿಯ ಮಾತ್ರೆಯೂ ಔಷಧವೇ

'ಮನುಷ್ಯರ ಔಷಧಕ್ಕೆ ಲೈಸೆನ್ಸ್ ಬೇಕು, ಪ್ರಾಣಿಗಳದ್ದಕ್ಕೆ ಬೇಡ' ಎಂಬುದು ತಪ್ಪು ತಿಳಿವಳಿಕೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ 'ಔಷಧ' ಎಂಬ ಪದಕ್ಕೆ ಅರ್ಥ ಕೊಡುವಾಗಲೇ ಮನುಷ್ಯರ ಜೊತೆ ಪ್ರಾಣಿಗಳನ್ನೂ ಸೇರಿಸಿದೆ. ಜಂತುಹುಳದ ಮಾತ್ರೆ ಶಾಂಪೂ, ಬಾಚಣಿಗೆ, ಬೆಲ್ಟ್‌ಗಳ ಸಾಲಿಗೆ ಸೇರುವ ಸಾಮಾನಲ್ಲ, ಔಷಧ.

ಅದೇ ಕಾಯ್ದೆಯ 18(ಸಿ) ಕಲಂ ಪ್ರಕಾರ ಪರವಾನಗಿ ಇಲ್ಲದೆ ಔಷಧ ಮಾರುವಂತಿಲ್ಲ, ಮಾರಾಟಕ್ಕೆಂದು ದಾಸ್ತಾನು ಇಡುವಂತೆಯೂ ಇಲ್ಲ. ತಪ್ಪಿದರೆ 27ನೇ ಕಲಂ ಅಡಿ ಕನಿಷ್ಠ 3 ವರ್ಷ, ಗರಿಷ್ಠ 5 ವರ್ಷ ಜೈಲು. ದಂಡ ಕನಿಷ್ಠ 1 ಲಕ್ಷ ರೂಪಾಯಿ ಅಥವಾ ವಶಪಡಿಸಿಕೊಂಡ ಔಷಧದ ಬೆಲೆಯ ಮೂರು ಪಟ್ಟು, ಯಾವುದು ಹೆಚ್ಚೋ ಅದು. ಒಂದು ಮಾತ್ರೆಯಲ್ಲಿ ಉಳಿಯುವ ನಾಲ್ಕು ಕಾಸಿಗೆ ಇದು ದೊಡ್ಡ ಅಪಾಯ.

ಇಲ್ಲಿ ಇನ್ನೊಂದು ಗೊಂದಲವಿದೆ. ನಗರಸಭೆ ಅಥವಾ ಪುರಸಭೆ ಕೊಡುವ ವ್ಯಾಪಾರ ಪರವಾನಗಿ ಬೇರೆ. ಜಿಎಸ್‌ಟಿ ನಂಬರ್ ಬೇರೆ. 2018ರ ಪೆಟ್ ಶಾಪ್ ನಿಯಮಗಳಡಿ ಪ್ರಾಣಿ ಮಾರುವವರು ಮಾಡಿಸಬೇಕಾದ ನೋಂದಣಿಯೂ ಬೇರೆ. ಇವು ಮೂರೂ ಇದ್ದರೂ ಔಷಧ ಮಾರಲು ಅನುಮತಿ ಸಿಕ್ಕಂತಾಗುವುದಿಲ್ಲ. ಅದನ್ನು ಕೊಡುವವರು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ಮಾತ್ರ.

ಪರವಾನಗಿ ಇದ್ದರೂ ಎಲ್ಲವನ್ನೂ ಕೇಳಿದವರಿಗೆಲ್ಲ ಕೊಡುವಂತಿಲ್ಲ. ಲೇಬಲ್ ಮೇಲೆ 'ಶೆಡ್ಯೂಲ್ ಎಚ್' ಎಂಬ ಎಚ್ಚರಿಕೆ ಇದ್ದರೆ ವೈದ್ಯರ ಚೀಟಿ ಬೇಕೇ ಬೇಕು. ಪ್ರಾಣಿಗಳ ವಿಷಯದಲ್ಲಿ ಆ ಚೀಟಿ ಬರೆಯಬೇಕಾದವರು ನೋಂದಾಯಿತ ಪಶುವೈದ್ಯರು. ರೋಗ ಗುರುತಿಸಿ ಚಿಕಿತ್ಸೆ ಹೇಳುವುದು 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರವೂ ಅವರ ಕೆಲಸ.

ಬ್ರಿಟನ್ನಿನಲ್ಲಿ ಕೆಲವು ಹುಳದ ಔಷಧಗಳನ್ನು ತರಬೇತಿ ಪಡೆದು ನೋಂದಣಿ ಮಾಡಿಸಿಕೊಂಡ ಮಾರಾಟಗಾರರೂ ಕೊಡಬಹುದು. ಆದರೆ ಪ್ರಾಣಿಯ ಬಗ್ಗೆ ವಿಚಾರಿಸಿ, ಬಳಸುವ ಕ್ರಮ ಹೇಳಿಯೇ ಅವರು ಕೊಡಬೇಕು. ನಮ್ಮ ಕಾನೂನಿನ ದಾರಿ ಬೇರೆ. ಆದರೂ ಒಂದು ಮಾತು ಎರಡೂ ಕಡೆ ಒಂದೇ: ಕೇಳದೆ, ತೂಗದೆ, ಸುಮ್ಮನೆ ಕೌಂಟರ್ ಮೇಲಿಂದ ತಳ್ಳುವ ವಸ್ತು ಇದಲ್ಲ.

'ಒಂದು ನಾಯಿಗೆ ಒಂದು ಮಾತ್ರೆ' ಎಂಬ ಲೆಕ್ಕ ಏಕೆ ತಪ್ಪು?

ನಾಯಿಗಳಿಗೆ ಹೆಚ್ಚಾಗಿ ಬಳಸುವ ಒಂದು ಮಾತ್ರೆಯಲ್ಲಿ ಮೂರು ಔಷಧಗಳು ಸೇರಿರುತ್ತವೆ: ಪ್ರಾಜಿಕ್ವಾಂಟೆಲ್ 50 ಮಿಲಿಗ್ರಾಂ, ಪೈರಾಂಟೆಲ್ 144 ಮಿಲಿಗ್ರಾಂ, ಫೆಬಾಂಟೆಲ್ 150 ಮಿಲಿಗ್ರಾಂ. ಈ ಅಳತೆಯ ಮಾತ್ರೆ 10 ಕಿಲೋ ತೂಕಕ್ಕೆ ಒಂದು. ಈಗ ಲೆಕ್ಕ ಹಾಕಿ. 28 ಕಿಲೋ ಲ್ಯಾಬ್ರಡಾರ್‌ಗೆ ಒಂದೇ ಮಾತ್ರೆ ಕೊಟ್ಟರೆ ಬೇಕಾದ ಪ್ರಮಾಣದ ಮೂರನೇ ಒಂದು ಭಾಗ ಮಾತ್ರ ಹೋಯಿತು. ಎರಡೂವರೆ ಕಿಲೋ ಪಮೇರಿಯನ್ ಮರಿಗೆ ಅದೇ ಮಾತ್ರೆ ನಾಲ್ಕು ಪಟ್ಟು ಹೆಚ್ಚಾಯಿತು.

ಕಡಿಮೆಯಾದರೆ ಹುಳ ಪೂರ್ತಿ ಸಾಯುವುದಿಲ್ಲ. ಮನೆಯವರು ಮಾತ್ರ ಮಾತ್ರೆ ಹಾಕಿದ್ದೇವೆ ಎಂದು ನಿಶ್ಚಿಂತರಾಗಿರುತ್ತಾರೆ. ಔಷಧವನ್ನು ಹೇಗೆಂದರೆ ಹಾಗೆ, ಪದೇ ಪದೇ ಬಳಸಿದರೆ ಅದಕ್ಕೆ ಬಗ್ಗದ ಹುಳಗಳು ಉಳಿದು ಬೆಳೆಯುವ ಅಪಾಯವೂ ಇದೆ. ಅಮೆರಿಕದಲ್ಲಿ ಓಟದ ಸ್ಪರ್ಧೆಗೆ ಸಾಕುತ್ತಿದ್ದ ಗ್ರೇಹೌಂಡ್ ನಾಯಿಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಔಷಧಕ್ಕೆ ಬಗ್ಗದ ಕೊಕ್ಕೆಹುಳಗಳು ಪತ್ತೆಯಾಗಿವೆ.

ಆದ್ದರಿಂದ ಮಾತ್ರೆಗಿಂತ ಮೊದಲು ಬೇಕಾದದ್ದು ತೂಕದ ಯಂತ್ರ. 'ಇಪ್ಪತ್ತು ಕೆಜಿ ಇರಬಹುದು' ಎಂಬ ಅಂದಾಜು ಬೇಡ. ಮನೆಯಲ್ಲಾದರೆ ನಾಯಿಯನ್ನು ಎತ್ತಿಕೊಂಡು ನಿಂತು ತೂಕ ನೋಡಿ, ಆಮೇಲೆ ನಿಮ್ಮ ತೂಕ ಕಳೆಯಿರಿ.

ಯಾವ ಹುಳಕ್ಕೆ ಯಾವ ಔಷಧ?

'ಹುಳ' ಎಂದು ನಾವು ಒಂದೇ ಹೆಸರಲ್ಲಿ ಕರೆದರೂ ಅವು ಬೇರೆ ಬೇರೆ ಜೀವಿಗಳು.

ದುಂಡುಹುಳ: ಶಾವಿಗೆಯಂತೆ ಉದ್ದಕ್ಕೆ, ಬೆಳ್ಳಗೆ ಇರುತ್ತದೆ. ಮರಿಗಳಲ್ಲಿ ಹೆಚ್ಚು. ತಾಯಿಯ ಗರ್ಭದಲ್ಲೇ ಮತ್ತು ಹಾಲಿನ ಮೂಲಕ ನಾಯಿಮರಿಗೆ ಬರುತ್ತದೆ. ಅದಕ್ಕೇ ನಾಯಿಮರಿಗೆ 2 ವಾರ ತುಂಬುತ್ತಲೇ ಚಿಕಿತ್ಸೆ ಶುರು ಮಾಡಿ, ಹಾಲು ಬಿಡುವ ತನಕ 2 ವಾರಕ್ಕೊಮ್ಮೆ, ನಂತರ 6 ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಲು ತಜ್ಞರು ಸಲಹೆ ಮಾಡುತ್ತಾರೆ. ಬೆಕ್ಕಿನ ಮರಿಗೆ 3 ವಾರದಿಂದ.

ಕೊಕ್ಕೆಹುಳ: ಕಣ್ಣಿಗೆ ಕಾಣುವುದೇ ಕಷ್ಟ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಸಡು ಬಿಳಿಚಿಕೊಂಡ ಮರಿ ಕಂಡರೆ ಇದರ ಅನುಮಾನ ಬರಬೇಕು.

ಲಾಡಿಹುಳ: ಇದರಲ್ಲಿ ಸಾಮಾನ್ಯವಾದ ಒಂದು ಬಗೆಯ ತುಣುಕುಗಳು ಅಕ್ಕಿಕಾಳು ಅಥವಾ ಸೌತೆಬೀಜದಂತೆ ಗುದದ್ವಾರದ ಸುತ್ತ, ಬಾಲದ ಕೂದಲಲ್ಲಿ ಅಂಟಿಕೊಂಡಿರುತ್ತವೆ. ಗ್ರೂಮಿಂಗ್ ಮಾಡುವವರ ಕಣ್ಣಿಗೆ ಮೊದಲು ಬೀಳುವುದು ಇದೇ.

ಪೈರಾಂಟೆಲ್ ದುಂಡುಹುಳ, ಕೊಕ್ಕೆಹುಳಕ್ಕೆ ಕೆಲಸ ಮಾಡುತ್ತದೆ, ಲಾಡಿಹುಳಕ್ಕೆ ಮಾಡುವುದಿಲ್ಲ. ಲಾಡಿಹುಳಕ್ಕೆ ಬೇಕಾದದ್ದು ಪ್ರಾಜಿಕ್ವಾಂಟೆಲ್. ಪೈರಾಂಟೆಲ್ ಮಾತ್ರ ಇರುವ ಸಿರಪ್ ಕೊಟ್ಟು 'ಹುಳ ಹೋಗಲೇ ಇಲ್ಲ, ಔಷಧಿ ಡೂಪ್ಲಿಕೇಟ್' ಎಂದರೆ ತಪ್ಪು ಔಷಧದ್ದಲ್ಲ, ಆಯ್ಕೆಯದ್ದು.

ಇನ್ನೊಂದು ಮುಖ್ಯ ಸಂಗತಿ: ಅಕ್ಕಿಕಾಳಿನಂಥ ಈ ಲಾಡಿಹುಳ ನಾಯಿಗೆ ಬರುವುದು ಚಿಗಟದಿಂದ. ಹುಳದ ಮೊಟ್ಟೆಯನ್ನು ಚಿಗಟದ ಮರಿಹುಳ ತಿನ್ನುತ್ತದೆ. ಅದು ಬೆಳೆದು ಚಿಗಟವಾಗಿ ನಾಯಿಯ ಮೈ ಸೇರುತ್ತದೆ. ನಾಯಿ ತುರಿಕೆಗೆ ಮೈ ಕಚ್ಚಿಕೊಳ್ಳುವಾಗ ಆ ಚಿಗಟವನ್ನು ನುಂಗುತ್ತದೆ. ಸುಮಾರು 3 ವಾರದಲ್ಲಿ ಮತ್ತೆ ತುಣುಕುಗಳು ಕಾಣಿಸಿಕೊಳ್ಳಬಹುದು. ಚಿಗಟ ನಿಯಂತ್ರಿಸದೆ ಮಾತ್ರೆ ಮಾತ್ರ ಮಾರಿದರೆ ಅದೇ ಗಿರಾಕಿ ಮುಂದಿನ ತಿಂಗಳು ಅದೇ ದೂರಿನೊಂದಿಗೆ ಬರುತ್ತಾರೆ. ಚಿಗಟದ ಬಾಚಣಿಗೆ ಹಾಕಿ ನೋಡುವುದು, ಹಾಸಿಗೆ ಬಟ್ಟೆ ತೊಳೆಯಲು ಹೇಳುವುದು ಗ್ರೂಮರ್ ಧಾರಾಳವಾಗಿ ಮಾಡಬಹುದಾದ ಕೆಲಸ. ಒಂದು ಎಚ್ಚರಿಕೆ: ನಾಯಿಗೆಂದು ಬರುವ, ಪರ್ಮೆಥ್ರಿನ್ ಇರುವ ಚಿಗಟದ ಔಷಧವನ್ನು ಬೆಕ್ಕಿಗೆ ಹಾಕಿದರೆ ಬೆಕ್ಕು ಸಾಯಬಹುದು.

ಮಾತುಗಳು ಮತ್ತು ನಿಜ

ಮಾತು: ಬೆಲ್ಲ, ಸಿಹಿ, ಹಾಲು ಕೊಟ್ಟರೆ ಹೊಟ್ಟೆಯಲ್ಲಿ ಹುಳ ಆಗುತ್ತದೆ.
ನಿಜ: ಇಲ್ಲ. ಹುಳ ಬರುವುದು ಮೊಟ್ಟೆ, ಮರಿಹುಳ, ಚಿಗಟ, ಹಸಿ ಮಾಂಸ ಅಥವಾ ತಾಯಿಯಿಂದ. ಸಿಹಿ ನಾಯಿಗೆ ಒಳ್ಳೆಯದಲ್ಲ, ಆದರೆ ಅದರಿಂದ ಹುಳ ಹುಟ್ಟುವುದಿಲ್ಲ.

ಮಾತು: ನಾಯಿ ಹಿಂಭಾಗ ನೆಲಕ್ಕೆ ಉಜ್ಜಿದರೆ ಹುಳವೇ.
ನಿಜ: ಹುಳವೂ ಇರಬಹುದು. ಆದರೆ ಅನೇಕ ಸಲ ಗುದದ ಪಕ್ಕದ ಎರಡು ಚಿಕ್ಕ ಗ್ರಂಥಿಗಳು ತುಂಬಿಕೊಂಡಿರುತ್ತವೆ ಅಥವಾ ಚರ್ಮದ ಅಲರ್ಜಿ ಇರುತ್ತದೆ. ಅದಕ್ಕೆ ಹುಳದ ಮಾತ್ರೆಯಿಂದ ಪ್ರಯೋಜನವಿಲ್ಲ.

ಮಾತು: ಮಾತ್ರೆ ಹಾಕಿದ ಮೇಲೆ ಹುಳ ಬೀಳಲಿಲ್ಲ, ಇನ್ನೊಂದು ಹಾಕಿ.
ನಿಜ: ಪ್ರಾಜಿಕ್ವಾಂಟೆಲ್‌ನಿಂದ ಸತ್ತ ಲಾಡಿಹುಳ ಬಹುಪಾಲು ಕರುಳಲ್ಲೇ ಕರಗಿಹೋಗುತ್ತದೆ. ಕಾಣದಿದ್ದ ಮಾತ್ರಕ್ಕೆ ಔಷಧ ಕೆಲಸ ಮಾಡಿಲ್ಲ ಎಂದಲ್ಲ. ಅನುಮಾನವಿದ್ದರೆ ಮಲ ಪರೀಕ್ಷೆ ಮಾಡಿಸಿ.

ಮಾತು: ಶಾಲೆಯಲ್ಲಿ ಮಕ್ಕಳಿಗೆ ಕೊಟ್ಟ ಮಾತ್ರೆ ಉಳಿದಿದೆ, ನಾಯಿಗೆ ಹಾಕಬಹುದು.
ನಿಜ: ಬೇಡ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಕೊಡುವ ಆಲ್ಬೆಂಡಜೋಲ್ ಮಾತ್ರೆ 400 ಮಿಲಿಗ್ರಾಂನದು. 3 ಕಿಲೋ ಮರಿಗೆ ಇಡೀ ಮಾತ್ರೆ ಹಾಕಿದರೆ ಪ್ರತಿ ಕಿಲೋಗೆ 130 ಮಿಲಿಗ್ರಾಂಗೂ ಹೆಚ್ಚಾಗುತ್ತದೆ. ನಾಯಿ, ಬೆಕ್ಕುಗಳಲ್ಲಿ ಈ ಔಷಧದಿಂದ ರಕ್ತ ತಯಾರಿಸುವ ಮೂಳೆಮಜ್ಜೆ ಕುಂದಿದ ಉದಾಹರಣೆಗಳಿವೆ.

ಮಾತು: ಹಸುವಿಗೆ ತಂದ ಐವರ್ಮೆಕ್ಟಿನ್ ಇಂಜೆಕ್ಷನ್ ನಾಯಿಗೂ ಸ್ವಲ್ಪ ಹಾಕಿದರೆ ಹುಳ, ಉಣ್ಣೆ ಎರಡೂ ಹೋಗುತ್ತದೆ.
ನಿಜ: ಹಾಲು ಉತ್ಪಾದನೆಯೇ ಜೀವನಾಧಾರವಾಗಿರುವ ಕೋಲಾರ ಜಿಲ್ಲೆಯಂಥ ಕಡೆ ಈ ಮಾತಿಗೆ ಹೆಚ್ಚು ಎಚ್ಚರಿಕೆ ಬೇಕು. ಆ 1% ದ್ರಾವಣದ ಒಂದು ಮಿಲಿಲೀಟರ್‌ನಲ್ಲಿ 10,000 ಮೈಕ್ರೋಗ್ರಾಂ ಐವರ್ಮೆಕ್ಟಿನ್ ಇರುತ್ತದೆ. ಹೃದಯದ ಹುಳ ಬಾರದಂತೆ ತಡೆಯಲು 10 ಕಿಲೋ ನಾಯಿಗೆ ತಿಂಗಳಿಗೆ ಸಾಕಾಗುವುದು ಸುಮಾರು 60 ಮೈಕ್ರೋಗ್ರಾಂ. ಬೇರೆ ಕಾಯಿಲೆಗಳಿಗೆ ಪಶುವೈದ್ಯರು ಹೆಚ್ಚು ಪ್ರಮಾಣ ಬಳಸುವುದುಂಟು, ಆದರೆ ಅದು ತಳಿ ನೋಡಿ, ಅಳೆದು. ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್ ಮುಂತಾದ ತಳಿಗಳ ಎಷ್ಟೋ ನಾಯಿಗಳಲ್ಲಿ ಮೆದುಳಿಗೆ ಈ ಔಷಧ ಹೋಗದಂತೆ ತಡೆಯುವ ವ್ಯವಸ್ಥೆಯೇ ಹುಟ್ಟಿನಿಂದ ಕೆಟ್ಟಿರುತ್ತದೆ. ತೂರಾಡುವುದು, ಜೊಲ್ಲು ಸುರಿಸುವುದು, ಕಣ್ಣು ಕಾಣದಾಗುವುದು, ಕೊನೆಗೆ ಪ್ರಜ್ಞೆ ತಪ್ಪುವುದು ಇದರ ಲಕ್ಷಣ.

ಮಾತು: ಬೆಳ್ಳುಳ್ಳಿ, ಹೊಗೆಸೊಪ್ಪು ಕೊಟ್ಟರೆ ಸೈಡ್ ಎಫೆಕ್ಟ್ ಇಲ್ಲ.
ನಿಜ: ಬೆಳ್ಳುಳ್ಳಿ, ಈರುಳ್ಳಿ ನಾಯಿ-ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹೊಗೆಸೊಪ್ಪಿನ ನಿಕೋಟಿನ್ ನೇರ ವಿಷ. 'ನಾಟಿ ಮದ್ದು' ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ.

ನಾಯಿ ಕೂದಲಿನಿಂದ ಗಡ್ಡೆ: ಸುಳ್ಳಿನೊಳಗಿರುವ ಸ್ವಲ್ಪ ನಿಜ

ಕೂದಲು ಹೊಟ್ಟೆಗೆ ಹೋದರೆ ಗಡ್ಡೆ ಆಗುವುದಿಲ್ಲ. ಆದರೆ ಈ ಮಾತಿನ ಹಿಂದೆ ಇರಬಹುದಾದ ಕಾಯಿಲೆ ನಿಜವಾದದ್ದು. ಅದಕ್ಕೆ ಹೈಡಾಟಿಡ್ ಕಾಯಿಲೆ ಎನ್ನುತ್ತಾರೆ. ಕುರಿ ಸಾಕಣೆ ಇರುವ ಕಡೆಗಳವರು ಇದನ್ನು ತಿಳಿದಿರಬೇಕು.

ಎಕಿನೊಕಾಕಸ್ ಎಂಬ ತೀರಾ ಪುಟ್ಟ ಲಾಡಿಹುಳ ನಾಯಿಯ ಕರುಳಲ್ಲಿ ವಾಸಿಸುತ್ತದೆ. ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಮಲದಲ್ಲಿ ಬಂದ ಮೊಟ್ಟೆ ಹುಲ್ಲಿನ ಜೊತೆ ಕುರಿಯ ಹೊಟ್ಟೆ ಸೇರಿದರೆ ಅದರ ಲಿವರ್, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಗಳಾಗುತ್ತವೆ. ಕುರಿ ಕೊಯ್ದಾಗ ಆ ಗುಳ್ಳೆ ಇರುವ ಭಾಗವನ್ನು ನಾಯಿಗೆ ಎಸೆದರೆ ಚಕ್ರ ಮತ್ತೆ ಶುರು. ಅದೇ ಮೊಟ್ಟೆ ತೊಳೆಯದ ಕೈ, ತರಕಾರಿ, ನೀರಿನ ಮೂಲಕ ಮನುಷ್ಯರ ಹೊಟ್ಟೆ ಸೇರಿದರೆ ನಮ್ಮಲ್ಲೂ ಅಂಥದೇ ಗುಳ್ಳೆ ವರ್ಷಗಟ್ಟಲೆ ಬೆಳೆಯುತ್ತದೆ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಮೊಟ್ಟೆ ನಾಯಿಯ ಕೂದಲಿಗೆ ಅಂಟಿರಬಹುದು. ಹಾಗಾಗಿ ತಪ್ಪು ಕೂದಲಿನದಲ್ಲ, ಮೊಟ್ಟೆಯದು.

ಪರಿಹಾರ ನಾಯಿಯನ್ನು ಬೀದಿಗೆ ಬಿಡುವುದಲ್ಲ. ಹಸಿ ಲಿವರ್, ಶ್ವಾಸಕೋಶ ನಾಯಿಗೆ ಹಾಕಬೇಡಿ, ಚೆನ್ನಾಗಿ ಬೇಯಿಸಿ. ಕುರಿ ಕೊಯ್ಯುವ ಜಾಗದಲ್ಲಿ ತಿರುಗಾಡುವ ನಾಯಿಗೆ 3 ತಿಂಗಳ ಅಂತರ ಸಾಲದು. ಈ ಹುಳ ಬೆಳೆದು ಮೊಟ್ಟೆ ಹಾಕುವುದಕ್ಕೆ ಸುಮಾರು 6ರಿಂದ 7 ವಾರ ಸಾಕು. ಆದ್ದರಿಂದ ಅಂಥ ನಾಯಿಗೆ ಪಶುವೈದ್ಯರು ಸುಮಾರು 6 ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಹೇಳಬಹುದು. ಔಷಧ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹಾಗಾಗಿ ಮಾತ್ರೆ ಹಾಕಿದ ನಂತರದ ಕೆಲವು ದಿನಗಳ ಮಲವನ್ನು ಆಳವಾಗಿ ಹೂತುಹಾಕಿ.

ಮಣ್ಣಲ್ಲಿ ಆಡುವ ಮಕ್ಕಳ ವಿಷಯದಲ್ಲೂ ಇಷ್ಟು ನೆನಪಿಡಿ. ನಾಯಿಯ ದುಂಡುಹುಳದ ಮೊಟ್ಟೆ ಸೋಂಕು ತಗುಲಿಸುವ ಹಂತಕ್ಕೆ ಬರಲು ಸಾಮಾನ್ಯವಾಗಿ 2 ವಾರ ಅಥವಾ ಅದಕ್ಕೂ ಹೆಚ್ಚು ಬೇಕು. ಮಲವನ್ನು ಅಂದಂದೇ ತೆಗೆದರೆ ಅಪಾಯ ಬಹಳ ತಗ್ಗುತ್ತದೆ. ಮಣ್ಣಿನೊಂದಿಗೆ ಮಗುವಿನ ಹೊಟ್ಟೆ ಸೇರಿದ ಮೊಟ್ಟೆಯಿಂದ ಹೊರಬಂದ ಮರಿಹುಳ ಅಪರೂಪಕ್ಕೆ ಕಣ್ಣಿಗೂ ಹೋಗಿ ದೃಷ್ಟಿ ಕೆಡಿಸಬಲ್ಲದು. ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮ ಹೊಕ್ಕು ಹಾವಿನಂತೆ ಅಂಕುಡೊಂಕಾದ ತುರಿಕೆಯ ಗೆರೆ ಮಾಡುತ್ತದೆ.

ಮಾತ್ರೆ ಕೊಡಲೇಬಾರದ ಹೊತ್ತು

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಭಾನುವಾರ. ಎರಡು ತಿಂಗಳ ಮರಿ. ನಿನ್ನೆಯಿಂದ ವಾಂತಿ, ರಕ್ತ ಬೆರೆತ ಭೇದಿ, ಊಟ ಮುಟ್ಟುತ್ತಿಲ್ಲ. ಲಸಿಕೆ ಆಗಿಲ್ಲ. 'ಹುಳ ಇರಬೇಕು, ಒಂದು ಮಾತ್ರೆ ಕೊಡಿ' ಎಂದು ಮನೆಯವರು ಕೇಳುತ್ತಾರೆ. ಇದು ಪಾರ್ವೊ ವೈರಸ್ ಆಗಿರಬಹುದು. ಪಾರ್ವೊ ಬಂದ ಮರಿಯನ್ನು ಉಳಿಸುವುದು ಬೇಗ ಸಿಗುವ ಡ್ರಿಪ್ ಮತ್ತು ಆರೈಕೆ. ಮಾತ್ರೆ ಹಾಕಿ 'ನಾಳೆ ನೋಡೋಣ' ಎಂದು ಕಾದ ಆ ಒಂದು ರಾತ್ರಿಯೇ ಮರಿಯ ಜೀವ ತೆಗೆಯಬಹುದು. ಜೊತೆಗೆ ಆ ಮರಿಯನ್ನು ಇಳಿಸಿದ ಟೇಬಲ್, ಟಬ್‌ನಿಂದ ಲಸಿಕೆಯಾಗದ ಬೇರೆ ಮರಿಗಳಿಗೂ ವೈರಸ್ ಹರಡುತ್ತದೆ.

ವಾಂತಿ, ರಕ್ತ ಭೇದಿ, ಬಿಳಿಚಿದ ಒಸಡು, ಉಬ್ಬಿದ ಹೊಟ್ಟೆ, ಸುಸ್ತು, ಗಬ್ಬದ ಅಥವಾ ಹಾಲುಣಿಸುವ ನಾಯಿ, ತೀರಾ ಎಳೆ ಮರಿ: ಇವುಗಳಲ್ಲಿ ಯಾವುದಿದ್ದರೂ ಅಂಗಡಿಯಲ್ಲಿ ತೀರ್ಮಾನ ಬೇಡ, ನೇರ ಪಶುವೈದ್ಯರ ಹತ್ತಿರ. ಕೋಲಾರ ಜಿಲ್ಲಾ ಕೇಂದ್ರದಲ್ಲೂ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕು ಕೇಂದ್ರಗಳಲ್ಲೂ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಅವು ಹಸು-ಎಮ್ಮೆಗಷ್ಟೇ ಅಲ್ಲ. ಪ್ರಾಣಿಗಳ ಸಹಾಯವಾಣಿ 1962.

ಗ್ರೂಮಿಂಗ್ ಅಂಗಡಿಯವರು ಏನು ಮಾಡಬಹುದು?

ಮಾರದಿದ್ದರೆ ಗಿರಾಕಿ ಬೇರೆಡೆ ಹೋಗುತ್ತಾರೆ ಎಂಬ ಭಯ ಸಹಜ. ಆದರೆ ನಾಯಿಯ ಮೈಯನ್ನು ಬಾಲದ ತುದಿಯವರೆಗೆ ಬಿಡದೆ ನೋಡುವವರು ಗ್ರೂಮರ್‌ಗಳೇ. ಅವರ ನಿಜವಾದ ಬಂಡವಾಳ ಆ ಕಣ್ಣು.

• ಪ್ರತಿ ಸಲ ತೂಕ ಮಾಡಿ, ದಿನಾಂಕದೊಂದಿಗೆ ಕಾರ್ಡಿನಲ್ಲಿ ಬರೆದುಕೊಡಿ.
• ಅಕ್ಕಿಕಾಳಿನಂಥ ತುಣುಕು ಕಂಡರೆ ಮನೆಯವರ ಫೋನಿನಲ್ಲೇ ಫೋಟೊ ತೆಗೆದುಕೊಡಿ. ಪಶುವೈದ್ಯರಿಗೆ ಅದು ದೊಡ್ಡ ಸುಳಿವು.
• ತಾಜಾ ಮಲವನ್ನು ಸ್ವಚ್ಛ ಡಬ್ಬಿಯಲ್ಲಿ ಅಂದೇ ಆಸ್ಪತ್ರೆಗೆ ಒಯ್ಯಲು ಹೇಳಿ.
• ಸಾಧ್ಯವಾದರೆ ತಿಂಗಳಿಗೊಂದು ದಿನ ನೋಂದಾಯಿತ ಪಶುವೈದ್ಯರನ್ನು ಕರೆಸಿ. ಚೀಟಿ ಅವರು ಬರೆಯಲಿ, ಮಾತ್ರೆ ಮೆಡಿಕಲ್ ಶಾಪ್‌ನಿಂದ ಬರಲಿ.
• ಪರವಾನಗಿ ಪಡೆದೇ ಮಾರುವುದಾದರೆ ಸ್ಟ್ರಿಪ್‌ನಿಂದ ಬಿಡಿಸಿ ಕಾಗದದಲ್ಲಿ ಕಟ್ಟಿಕೊಡಬೇಡಿ. ಹೆಸರು, ಬ್ಯಾಚ್ ನಂಬರ್, ಮುಗಿಯುವ ದಿನಾಂಕ ಗಿರಾಕಿಗೆ ಕಾಣಬೇಕು. ಬಿಲ್ ಕೊಡಿ.
• 'ಸ್ನಾನದ ಜೊತೆ ಮಾತ್ರೆ ಫ್ರೀ' ಎಂಬ ಆಫರ್ ಬೇಡ. ಬೇಡದ ನಾಯಿಗೂ ಔಷಧ ಹೋಗುತ್ತದೆ.
• ಗ್ಲೌಸ್ ಹಾಕಿ, ಕೆಲಸದ ಟೇಬಲ್ ಬಳಿ ತಿಂಡಿ-ಟೀ ಬೇಡ, ಸೋಪಿನಿಂದ ಕೈ ತೊಳೆಯಿರಿ. ಹುಳದ ಮೊಟ್ಟೆಯ ಹತ್ತಿರ ದಿನವಿಡೀ ಇರುವವರು ನೀವೇ.

ಗಿರಾಕಿಗಳು ಕೇಳಬೇಕಾದ ಪ್ರಶ್ನೆಗಳೂ ಸರಳ. ಔಷಧ ಮಾರಲು ಲೈಸೆನ್ಸ್ ಇದೆಯೇ? ಮಾತ್ರೆಯಲ್ಲಿ ಏನಿದೆ? ನನ್ನ ನಾಯಿಯ ಇಂದಿನ ತೂಕಕ್ಕೆ ಎಷ್ಟು? ಇದನ್ನು ಯಾರು ಬರೆದುಕೊಟ್ಟರು? ಪ್ಯಾಕೆಟ್ ಮೇಲೆ 'ಮನುಷ್ಯರ ಬಳಕೆಗೆ ಅಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ' ಎಂಬ ಅರ್ಥದ ಇಂಗ್ಲಿಷ್ ಬರಹವೂ ಸಾಕುಪ್ರಾಣಿಯ ತಲೆಯ ಚಿತ್ರವೂ ಇರಬೇಕು. ನೋಡಿಕೊಳ್ಳಿ.

ಕೊನೆಯ ಮಾತು

ಹುಳದ ಮಾತ್ರೆ ಬೇಡ ಎಂದು ನಾವು ಹೇಳುತ್ತಿಲ್ಲ. ಸರಿಯಾಗಿ ಕೊಟ್ಟರೆ ಅದು ಮರಿಯ ಜೀವ ಉಳಿಸುತ್ತದೆ, ಮನೆಯ ಮಕ್ಕಳನ್ನೂ ಕಾಯುತ್ತದೆ. ಬೇಡದ್ದು ಅಂದಾಜಿನ ಮಾತ್ರೆ.

ಗುಂಪಿಗೆ ಕಳಿಸುವುದಾದರೆ ಇಷ್ಟನ್ನು ಕಳಿಸಿ: 'ನಾಯಿ-ಬೆಕ್ಕಿನ ಹುಳದ ಮಾತ್ರೆ ಔಷಧ, ಶಾಂಪೂ ಅಲ್ಲ. ಮೊದಲು ತೂಕ, ನಂತರ ಪಶುವೈದ್ಯರ ಮಾತು, ಆಮೇಲೆ ಮಾತ್ರೆ. ಮಕ್ಕಳ ಮಾತ್ರೆ, ಹಸುವಿನ ಇಂಜೆಕ್ಷನ್, ಬೆಳ್ಳುಳ್ಳಿ ಬೇಡ. ಹಸಿ ಲಿವರ್ ಹಾಕಬೇಡಿ. ಚಿಗಟ ನಿಯಂತ್ರಿಸಿ, ಮಲ ಅಂದೇ ತೆಗೆಯಿರಿ, ಕೈ ತೊಳೆಯಿರಿ. ವಾಂತಿ, ರಕ್ತ ಭೇದಿ ಇದ್ದರೆ ಕಾಯಬೇಡಿ, ಪಶು ಆಸ್ಪತ್ರೆಗೆ ಹೋಗಿ.'